ಸಾಕ್ಷಿಯ ಮಾತು, ವಕೀಲನ ಕಿವಿ

ವಕೀಲನೆಂದೊಡನೆ ನಮ್ಮ ಜನರ ಕಣ್ಣಿಗೆ ಕಟ್ಟುವದು ಮಾತಿನ ಮಲ್ಲನ ಚಿತ್ರ. ಕರಿಯ ನಿಲುವಂಗಿ ತೊಟ್ಟು, ಕೈಯೆತ್ತಿ, ದನಿಯನ್ನು ಏರಿಸಿ ಇಳಿಸಿ, ಎದುರು ಪಕ್ಷದ ಸಾಕ್ಷಿಯನ್ನು ಗದರಿಸಿ ಕಂಗೆಡಿಸಿ, ಹಗಲನ್ನು ಇರುಳೆಂದು ಸಾಧಿಸಬಲ್ಲವನೇ ದೊಡ್ಡ ವಕೀಲನೆಂದು ಹಳ್ಳಿಯ ಕಟ್ಟೆಯಿಂದ ಪಟ್ಟಣದ ಪಡಸಾಲೆಯವರೆಗೆ ಎಲ್ಲರೂ ನಂಬಿದ್ದಾರೆ. ನಾಟಕಗಳೂ ಚಲಚ್ಚಿತ್ರಗಳೂ ಈ ನಂಬಿಕೆಗೆ ನೀರೆರೆದು ಬೆಳೆಸಿವೆ. ಇದು ಬರಿಯ ತಪ್ಪು ತಿಳಿವಳಿಕೆಯಾಗಿದ್ದರೆ ನಾವು ಲೇಖನಿ ಹಿಡಿಯುತ್ತಿರಲಿಲ್ಲ. ಆದರೆ ಈ ಅಳತೆಗೋಲಿನಿಂದಲೇ ಕಕ್ಷಿಗಾರನು ತನ್ನ ಹೊಲವನ್ನೂ ಮಾನವನ್ನೂ, ಒಮ್ಮೊಮ್ಮೆ ಪ್ರಾಣವನ್ನೂ ಒಪ್ಪಿಸುವ ವಕೀಲನನ್ನು ಆರಿಸುತ್ತಾನೆ. ಹೊಸದಾಗಿ ಸನದು ಪಡೆದ ತರುಣನೂ ಇದೇ ಅಚ್ಚಿನಲ್ಲಿ ತನ್ನನ್ನು ಎರಕ ಹೊಯ್ದುಕೊಳ್ಳಲು ಹೊರಡುತ್ತಾನೆ. ಆದುದರಿಂದ ಈ ವಿಷಯವನ್ನು ತುಸು ವಿಶದವಾಗಿ ವಿಚಾರಿಸುವದು ಅವಶ್ಯ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಖಟ್ಲೆ ನಡೆಸುವ ವಕೀಲನ ಮುಖ್ಯವಾದ ಇಂದ್ರಿಯವು ನಾಲಗೆಯಲ್ಲ, ಕಿವಿ. ಆ ಕಿವಿಯು ಸಾಕ್ಷಿದಾರನ ಭಾಷೆಯಲ್ಲಿ ಪಳಗಿದ್ದಿರಬೇಕು. ಕನ್ನಡ ನಾಡಿನ ನ್ಯಾಯಾಸ್ಥಾನಗಳಲ್ಲಿ ಇದರ ಅರ್ಥವೇನೆಂಬದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪೀಲಿನ ವಕೀಲನ ಕೆಲಸವೇ ಬೇರೆ. ಅವನ ಮುಂದೆ ಸಿದ್ಧವಾದ ಕಾಗದಗಳ ಕಟ್ಟು ಇರುತ್ತದೆ. ಆ ಕಾಗದದೊಳಗಿನ ಮಾತಿಗೆ ಕಾಯದೆಯ ಅರ್ಥವನ್ನು ಹಚ್ಚುವದು, ಹಿಂದಿನ ತೀರ್ಪುಗಳನ್ನು ಹುಡುಕಿ ತೆಗೆಯುವದು, ತರ್ಕವನ್ನು ಹೆಣೆಯುವದು ಇವು ಅವನ ಉದ್ಯೋಗ. ಆದರೆ ಆ ಕಾಗದದ ಕಟ್ಟನ್ನು ಹುಟ್ಟಿಸುವವನು ಕೆಳಗಿನ ಕೋರ್ಟಿನ ವಕೀಲನು. ಸಾಕ್ಷಿಯ ಕಟ್ಟೆಯಲ್ಲಿ ನಿಂತವನ ಬಾಯಿಂದ ಯಾವ ಮಾತು ಹೊರಟಿತು, ಯಾವುದು ಹೊರಡಲಿಲ್ಲ, ಹೊರಟ ಮಾತು ಯಾವ ರೂಪದಲ್ಲಿ ಕಾಗದಕ್ಕೆ ಇಳಿಯಿತು, ಇವೆಲ್ಲ ಅವನ ಎಚ್ಚರವನ್ನು ಅವಲಂಬಿಸಿವೆ. ಅಲ್ಲಿ ಒಂದು ಶಬ್ದವು ತಪ್ಪಾಗಿ ಇಳಿದರೆ ಬೆಂಗಳೂರಿನ ಉಚ್ಚ ನ್ಯಾಯಾಲಯವಾಗಲಿ ದಿಲ್ಲಿಯ ಸರ್ವೋಚ್ಚ ನ್ಯಾಯಾಲಯವಾಗಲಿ ಅದನ್ನು ತಿದ್ದುವದು ಬಹು ಕಷ್ಟ. ಯಾಕಂದರೆ ಅವರು ಸಾಕ್ಷಿಯ ಮುಖವನ್ನು ಕಂಡವರಲ್ಲ, ದನಿಯನ್ನು ಕೇಳಿದವರಲ್ಲ.

ಮಾತುಗಾರಿಕೆಯೇ ಮೂಲವಲ್ಲವೆಂಬದಕ್ಕೆ ಗಾಂಧೀಜಿಯವರಿಗಿಂತ ದೊಡ್ಡ ನಿದರ್ಶನ ಬೇಕೆ? ೧೮೯೧ರಲ್ಲಿ ಬ್ಯಾರಿಸ್ಟರರಾಗಿ ವಿಲಾಯತಿಯಿಂದ ಮರಳಿದ ಅವರು ಮುಂಬಯಿಯ ಸಣ್ಣ ಖಟ್ಲೆಗಳ ಕೋರ್ಟಿನಲ್ಲಿ ತಮ್ಮ ಮೊದಲನೆಯ ಖಟ್ಲೆಗೆ ನಿಂತರು. ವಾದಿಯ ಸಾಕ್ಷಿಗಳಿಗೆ ಪಾಟೀಸವಾಲು ಹಾಕಲು ಎದ್ದರು. ಎದೆ ನಡುಗಿತು, ತಲೆ ತಿರುಗಿತು, ಒಂದು ಪ್ರಶ್ನೆಯೂ ತೋಚಲಿಲ್ಲ. ಮೂವತ್ತು ರೂಪಾಯಿಯ ಫೀಸನ್ನು ಬಿಟ್ಟುಕೊಟ್ಟು ಖಟ್ಲೆಯನ್ನು ಬೇರೊಬ್ಬ ವಕೀಲರಿಗೆ ಒಪ್ಪಿಸಿ ಹೊರಬಿದ್ದರು. ಇದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದೇ ಮನುಷ್ಯರು ೧೮೯೩ರಲ್ಲಿ ದಾದಾ ಅಬ್ದುಲ್ಲಾ ಅವರ ಖಟ್ಲೆಗಾಗಿ ದಕ್ಷಿಣ ಆಫ್ರಿಕೆಗೆ ಹೋದರು. ನಲವತ್ತು ಸಾವಿರ ಪೌಂಡುಗಳ ದಾವೆ. ಅದರ ಬೇರೆಲ್ಲ ಲೆಕ್ಕಪತ್ರಗಳಲ್ಲಿ ಅಡಗಿತ್ತು. ಜಮಾಖರ್ಚಿನ ಗಂಧವೂ ಇಲ್ಲದಿದ್ದ ಗಾಂಧಿಯವರು ಪುಸ್ತಕ ಕೊಂಡು ಲೆಕ್ಕ ಬರೆಯುವದನ್ನು ಕಲಿತರು. ಗುಜರಾತಿಯಲ್ಲಿದ್ದ ಪತ್ರವ್ಯವಹಾರವನ್ನು ತಾವೇ ಓದಿ ಇಂಗ್ಲಿಷಿಗೆ ತಂದರು. ಕಕ್ಷಿಗಾರನಿಗಿಂತ ಹೆಚ್ಚಾಗಿ ಅವನ ಖಟ್ಲೆಯನ್ನು ತಿಳಿದುಕೊಂಡರು. ಕಾಯದೆಯ ಮುಕ್ಕಾಲು ಪಾಲು ಸಂಗತಿಗಳಲ್ಲಿಯೇ ಇದೆಯೆಂಬ ಹಿರಿಯರ ಉಪದೇಶವು ಅವರಿಗೆ ಅಲ್ಲಿ ಅನುಭವಕ್ಕೆ ಬಂದಿತು. ಕೊನೆಗೆ ಆ ಖಟ್ಲೆಯು ಪಂಚಾಯತಿಯಲ್ಲಿ ತೀರಿತು. ಗೆದ್ದ ತಮ್ಮ ಕಕ್ಷಿಗಾರನನ್ನು ಒಪ್ಪಿಸಿ, ಸೋತವನು ದಿವಾಳಿಯಾಗದಂತೆ ಹಣವನ್ನು ಕಂತುಗಳಲ್ಲಿ ಕೊಡುವ ಏರ್ಪಾಡನ್ನೂ ಗಾಂಧಿಯವರೇ ಮಾಡಿಸಿದರು. ಮುಂಬಯಿಯಲ್ಲಿ ಕಟ್ಟಿದ್ದ ನಾಲಗೆಯು ಪ್ರಿಟೋರಿಯಾದಲ್ಲಿ ಬಿಚ್ಚಿದುದು ಭಾಷಣದ ಅಭ್ಯಾಸದಿಂದಲ್ಲ, ಕಡತವು ಕರತಲಾಮಲಕವಾದುದರಿಂದ. ಇಲ್ಲಿ ವಾಚಕರು ಇನ್ನೊಂದು ಅಂಶವನ್ನು ಗಮನಿಸಬೇಕು. ಆ ಖಟ್ಲೆಯ ದೊಡ್ಡ ಗೋರೆ ವಕೀಲರಿಗೆ ಸಾಧ್ಯವಾಗದ ಕೆಲಸವು ಈ ತರುಣನಿಗೆ ಸಾಧ್ಯವಾದುದು ಕಾಗದಗಳ ಭಾಷೆಯು ಅವರ ತಾಯ್ನುಡಿಯಾಗಿದ್ದುದರಿಂದ.

ಇನ್ನು ಪಾಟೀಸವಾಲಿನ ವಿಷಯ. ಐರ್ಲಂಡದ ಸ್ವರಾಜ್ಯದ ಹೋರಾಟವನ್ನು ಬಲ್ಲ ವಾಚಕರಿಗೆ ಪಾರ್ನೆಲ್ಲರ ಹೆಸರು ಹೊಸದಲ್ಲ. ೧೮೮೭ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯು ಆ ಮುಂದಾಳುವಿನ ಸಹಿಯುಳ್ಳದ್ದೆನ್ನಲಾದ ಒಂದು ಪತ್ರದ ಪಡಿಯಚ್ಚನ್ನು ಪ್ರಕಟಿಸಿತು. ೧೮೮೨ರಲ್ಲಿ ಡಬ್ಲಿನ್ನಿನ ಫೀನಿಕ್ಸ್ ಉದ್ಯಾನದಲ್ಲಿ ನಡೆದ ಕೊಲೆಗಳನ್ನು ಅವರು ಒಳಗೊಳಗೇ ಸಮರ್ಥಿಸಿದ್ದರೆಂದು ಅದರಿಂದ ತೋರುತ್ತಿತ್ತು. ಒಂದು ರಾಷ್ಟ್ರದ ಹೋರಾಟಕ್ಕೆ ಮಸಿ ಬಳಿಯಲು ಅಷ್ಟು ಸಾಕು. ಮೂವರು ನ್ಯಾಯಾಧೀಶರ ವಿಶೇಷ ಆಯೋಗವು ವಿಚಾರಣೆಗೆ ಕುಳಿತಿತು. ಪತ್ರವನ್ನು ಒದಗಿಸಿದವನು ರಿಚರ್ಡ್ ಪಿಗಟ್ ಎಂಬ ಪತ್ರಿಕೋದ್ಯೋಗಿ. ೧೮೮೯ರ ಫೆಬ್ರುವರಿಯಲ್ಲಿ ಪಾರ್ನೆಲ್ಲರ ಪಕ್ಷದ ಸರ್ ಚಾರ್ಲ್ಸ್ ರಸೆಲ್ಲರು ಪಾಟೀಸವಾಲಿಗೆ ಎದ್ದರು. ಸಭೆಯೆಲ್ಲ ಸಿಡಿಲನ್ನೇ ನಿರೀಕ್ಷಿಸುತ್ತಿತ್ತು. ರಸೆಲ್ಲರು ಒಂದು ಹಾಳೆಯನ್ನು ಸಾಕ್ಷಿಯ ಕೈಗೆ ಕೊಡಿಸಿ, ತಾವು ಹೇಳುವ ಕೆಲವು ಶಬ್ದಗಳನ್ನು ಬರೆಯಲು ಕೇಳಿಕೊಂಡರು. ಜೀವನೋಪಾಯ, ಸಂಭವ, ಅವನ ಸ್ವಂತ ಹೆಸರು, ಹೀಗೆ ಒಂದೊಂದಾಗಿ. ಕೊನೆಗೆ, ಏನೋ ನೆನಪಾದವರಂತೆ, ಹಿಂಜರಿತವೆಂಬ ಅರ್ಥದ ‘ಹೆಸಿಟೆನ್ಸಿ’ ಎಂಬ ಶಬ್ದವನ್ನು ಬರೆಯಲು ಹೇಳಿದರು. ಹಾಳೆಯನ್ನು ತೆಗೆದಿಟ್ಟುಕೊಂಡು ಬೇರೆ ಪ್ರಶ್ನೆಗಳಿಗೆ ಹೋದರು. ಇಂಗ್ಲಿಷಿನ ‘ಎ’ ಅಕ್ಷರವಿರಬೇಕಾದಲ್ಲಿ ಪಿಗಟ್ಟನು ‘ಇ’ ಅಕ್ಷರವನ್ನು ಬರೆದಿದ್ದನು. ಪಾರ್ನೆಲ್ಲರವೆಂದು ಹೇಳಲಾದ ಪತ್ರಗಳಲ್ಲಿಯೂ ಅದೇ ಶಬ್ದಕ್ಕೆ ಅದೇ ತಪ್ಪು! ಮುಂದಿನ ವಾರ ಕೋರ್ಟು ಅವನ ಹೆಸರನ್ನು ಕೂಗಿದಾಗ ಪಿಗಟ್ಟನು ಇರಲಿಲ್ಲ. ಮಾರ್ಚ್ ೧ರಂದು ಸ್ಪೇನಿನ ಮ್ಯಾಡ್ರಿಡ್ ನಗರದಲ್ಲಿ, ಪೊಲೀಸರು ಬಾಗಿಲಿಗೆ ಬಂದಾಗ, ಗುಂಡು ಹಾರಿಸಿಕೊಂಡು ಸತ್ತನು.

ಈ ಕಥೆಯನ್ನು ಹೇಳುವವರೆಲ್ಲ ರಸೆಲ್ಲರ ಚಾತುರ್ಯವನ್ನು ಹೊಗಳುತ್ತಾರೆ. ನಮಗೆ ದೊಡ್ಡದಾಗಿ ತೋರುವದು ಅವರ ತಾಳ್ಮೆ. ಸಾಕ್ಷಿಯು ತಪ್ಪು ಅಕ್ಷರವನ್ನು ಬರೆದ ಕೂಡಲೆ, ‘ಸಿಕ್ಕಿಬಿದ್ದೆಯಾ!’ ಎಂದು ಕೂಗಲು ಎಂಥ ವಕೀಲನಿಗೂ ನಾಲಗೆ ತುರಿಸೀತು. ಅವರು ಕೂಗಲಿಲ್ಲ. ಸಾಕ್ಷಿಗೆ ತಾನು ಬಿದ್ದ ಕುಣಿ ಯಾವುದೆಂಬದು ತಿಳಿಯದಂತೆ ಮುಂದಕ್ಕೆ ನಡೆಯಗೊಟ್ಟರು. ನಮ್ಮ ಕೋರ್ಟುಗಳಲ್ಲಿ ಎಷ್ಟೋ ಪಾಟೀಸವಾಲುಗಳು ಇದಕ್ಕೆ ತೀರ ವಿರುದ್ಧವಾಗಿ ನಡೆಯುವದನ್ನು ಯಾರಾದರೂ ಹೋಗಿ ನೋಡಬಹುದು. ಬೇಕಾದ ಉತ್ತರವು ಬಂದಾಗಿದೆ. ವಕೀಲನು ಅಲ್ಲಿಗೆ ಕೂಡ್ರುವದಿಲ್ಲ. ಉತ್ಸಾಹದಿಂದ, ‘ಹಾಗಾದರೆ ಅದು ಹೇಗೆ ಸಾಧ್ಯ?’ ಎಂದು ಇನ್ನೊಂದು ಪ್ರಶ್ನೆ ಹಾಕುತ್ತಾನೆ, ಸಾಕ್ಷಿಯು ಸಮಾಧಾನವಾಗಿ ವಿವರಣೆ ಕೊಡುತ್ತಾನೆ, ಗೆದ್ದದ್ದೆಲ್ಲ ಹೋಗುತ್ತದೆ. ಮುಖ್ಯ ವಿಚಾರಣೆಯಲ್ಲಿ ಸಾಕ್ಷಿಯು ಹೇಳಿದುದನ್ನೇ ಪುನಃ ಪಾಟೀಸವಾಲಿನಲ್ಲಿ ಹೇಳಿಸಿ, ಎದುರು ಪಕ್ಷದ ಗೋಡೆಗೆ ತಾನೇ ಗಿಲಾವು ಮಾಡಿಕೊಡುವ ವಕೀಲರೂ ಉಂಟು. ಫೀಸು ಕೊಟ್ಟ ಕಕ್ಷಿಗಾರನು ಹಿಂದೆ ನಿಂತು ನೋಡುತ್ತಿರುವದರಿಂದ ಬಹಳ ಹೊತ್ತು ಗಟ್ಟಿಯಾಗಿ ಮಾತಾಡಬೇಕೆಂಬ ಚಪಲವು ಹುಟ್ಟುವದು ಸಹಜ. ಆ ಚಪಲವನ್ನು ಗೆದ್ದವನಿಗೇ ಈ ವೃತ್ತಿ ಒಲಿಯುವದು.

ಭಾಷೆಯ ಸೂಕ್ಷ್ಮವು ಖಟ್ಲೆಯನ್ನು ಹೇಗೆ ತಿರುಗಿಸುವದೆಂಬದಕ್ಕೆ ನಮ್ಮ ದೇಶದ್ದೇ ಆದ ನಿದರ್ಶನವನ್ನು ಕೊಡುತ್ತೇವೆ. ೧೯೦೮ರಲ್ಲಿ ಅರವಿಂದ ಘೋಷರನ್ನು ಸರಕಾರವು ಅಲೀಪುರದ ಬಾಂಬಿನ ಖಟ್ಲೆಯಲ್ಲಿ ಸಿಲುಕಿಸಿತು. ಸರಕಾರದ ಪರವಾಗಿ ಮದರಾಸಿನ ಹೆಸರಾಂತ ಬ್ಯಾರಿಸ್ಟರ ನಾರ್ಟನ್ನರು. ಅರವಿಂದರ ಪರವಾಗಿ, ರಕ್ಷಣೆಗಾಗಿ ಕೂಡಿಸಿದ ಹಣವು ಮುಗಿಯುತ್ತ ಬಂದ ಹೊತ್ತಿನಲ್ಲಿ, ಚಿತ್ತರಂಜನ ದಾಸರು. ಇನ್ನೂರಕ್ಕೂ ಮಿಕ್ಕಿ ಸಾಕ್ಷಿಗಳು, ಸಾವಿರಾರು ಕಾಗದಪತ್ರಗಳು. ಅವುಗಳಲ್ಲಿ ಒಂದು, ತಮ್ಮನಾದ ಬಾರೀಂದ್ರನು ಅಣ್ಣನಿಗೆ ಸೂರತದಲ್ಲಿ ಬರೆದನೆನ್ನಲಾದ ಇಂಗ್ಲಿಷು ಚೀಟಿ. ದೇಶದಲ್ಲೆಲ್ಲ ಮಿಠಾಯಿಯನ್ನು ಸಿದ್ಧವಾಗಿಡಬೇಕೆಂದು ಅದರಲ್ಲಿತ್ತು. ಮಿಠಾಯಿಯೆಂದರೆ ಬಾಂಬೆಂದು ಸರಕಾರದ ವಾದ. ದಾಸರು ಆ ಚೀಟಿಯ ಒಕ್ಕಣೆಯನ್ನೇ ಹಿಡಿದರು. ಅದರ ಮೊದಲಿಗೆ ‘ಪ್ರಿಯ ಸಹೋದರ’ನೆಂಬ ಅರ್ಥದ ಇಂಗ್ಲಿಷು ಸಂಬೋಧನೆ, ಕೊನೆಗೆ ಮನೆತನದ ಹೆಸರು ಸಹಿತ ಪೂರ್ತಿ ಸಹಿ. ಬಂಗಾಳಿ ಮನೆಯಲ್ಲಿ ತಮ್ಮನಾದವನು ಅಣ್ಣನಿಗೆ ಹೀಗೆ ಬರೆಯುವದುಂಟೆ? ಬಾರೀಂದ್ರನ ಬಾಯಲ್ಲಿ ಅರವಿಂದರು ‘ಸೇಜದಾ’. ಮೇಲಾಗಿ ಇಬ್ಬರೂ ಆಗ ಸೂರತದಲ್ಲಿಯೇ ಇದ್ದರು. ಒಂದೇ ಊರಿನಲ್ಲಿದ್ದವರು ಇಂಥ ಗುಟ್ಟಿನ ಮಾತನ್ನು ಚೀಟಿಯಲ್ಲಿ ಬರೆದು ಕಳಿಸುವದೇಕೆ? ನ್ಯಾಯಾಧೀಶ ಬೀಚ್‌ಕ್ರಾಫ್ಟರು ಆ ಚೀಟಿಯನ್ನು ಸಂಶಯಾಸ್ಪದವೆಂದು ಬದಿಗಿಟ್ಟರು. ೧೯೦೯ರ ಮೇ ೬ರಂದು ಅರವಿಂದರು ಬಿಡುಗಡೆ ಹೊಂದಿದರು. ದಾಸರು ಎಂಟು ದಿನಗಳ ಕಾಲ ಮಾಡಿದ ಕೊನೆಯ ಭಾಷಣದ ಉಜ್ವಲವಾದ ಮಾತುಗಳನ್ನು ಜನರು ಇಂದಿಗೂ ನೆನೆಯುತ್ತಾರೆ. ಆದರೆ ಅಂಥ ಮಾತು ನಿಲ್ಲಲು ನೆಲ ಬೇಕು. ತಮ್ಮನು ಅಣ್ಣನನ್ನು ಏನೆಂದು ಕರೆಯುವನೆಂಬ ಅಡಿಗೆಮನೆಯ ಜ್ಞಾನವೇ ಆ ನೆಲದ ಒಂದು ಭಾಗವಾಗಿತ್ತು.

ಈಗ ನಮ್ಮ ನಾಡಿಗೆ ಬರೋಣ. ಕೇಳಿದ ಮಾತು ಸಾಕ್ಷ್ಯವಲ್ಲ. ಕಂಡವನು ಕಂಡದ್ದನ್ನು ತಾನೇ ಹೇಳಬೇಕು, ಇದು ೧೮೭೨ರ ಸಾಕ್ಷ್ಯದ ಕಾಯದೆಯ ಬೆನ್ನೆಲುಬು. ೨೦೨೪ರ ಜುಲೈ ೧ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ನಿಯಮವನ್ನು ಹಾಗೆಯೇ ಉಳಿಸಿಕೊಂಡಿದೆ. ಇಂಗ್ಲಿಷು ವಕೀಲನು ಈ ಭೇದವನ್ನು ಹೊರಗೆಡಹಲು ನಾಲ್ಕು ಪ್ರಶ್ನೆಗಳನ್ನು ಕೇಳಬೇಕಾಗುವದು. ಕನ್ನಡದಲ್ಲಿಯೋ? ನಮ್ಮ ಓದಿಲ್ಲದ ಮುದುಕಿಯೂ ಈ ಭೇದವನ್ನು ಒಂದು ಪ್ರತ್ಯಯದಲ್ಲಿ ಹೇಳಿಬಿಡುತ್ತಾಳೆ. ‘ಹೊಡೆದ’ ಎಂದರೆ ಕಂಡದ್ದು. ‘ಹೊಡೆದನಂತೆ’ ಎಂದರೆ ಕೇಳಿದ್ದು. ‘ಹೊಡೆದಿರಬೇಕು’ ಎಂದರೆ ಊಹಿಸಿದ್ದು. ಕಾಯದೆಯ ಪಂಡಿತರು ಪುಟಗಟ್ಟಲೆ ಬರೆದುದನ್ನು ನಮ್ಮ ಭಾಷೆಯು ವ್ಯಾಕರಣದಲ್ಲಿಯೇ ಇಟ್ಟುಕೊಂಡಿದೆ! ಆದರೆ ಸಾಕ್ಷಿಯು ತಗ್ಗಿದ ದನಿಯಲ್ಲಿ ನುಡಿದ ಆ ‘ಅಂತೆ’ಯು ಇಂಗ್ಲಿಷಿಗೆ ತಿರುಗಿಸುವಾಗ ಉದುರಿಹೋದರೆ ಏನಾಗುವದು? ಕೇಳಿದ ಮಾತು ಕಂಡ ಮಾತಾಗಿ ಕಾಗದದ ಮೇಲೆ ಕೂಡ್ರುವದು. ಒಬ್ಬ ಮನುಷ್ಯನ ಜನ್ಮಾವಧಿ ಶಿಕ್ಷೆಯು ಆ ಒಂದು ಸಾಲಿನ ಮೇಲೆ ನಿಲ್ಲಬಹುದು. ಆ ‘ಅಂತೆ’ಯನ್ನು ಕಿವಿಯಲ್ಲಿ ಹಿಡಿದು, ಎದ್ದು ನಿಂತು, ‘ಮಹಾಸ್ವಾಮಿ, ಸಾಕ್ಷಿಯು ಹೇಳಿದ್ದು ಹೊಡೆದನಂತೆ ಎಂದು, ಅದು ಹಾಗೆಯೇ ದಾಖಲಾಗಬೇಕು’ ಎಂದು ವಿನಯದಿಂದ, ಆದರೆ ಬಿಡದೆ, ಕೇಳಿಕೊಳ್ಳುವವನೇ ನಿಜವಾದ ವಕೀಲನು. ಇದರಲ್ಲಿ ಗರ್ಜನೆಗೆ ಎಡೆಯೇ ಇಲ್ಲ.

ಇನ್ನೂ ಒಂದು ತೊಡಕುಂಟು. ಮೈಸೂರಿನ ಕಡೆಯ ‘ಅಂತೆ’ಯು ಧಾರವಾಡ, ಕಲಬುರ್ಗಿಗಳ ಹಳ್ಳಿಗಳಲ್ಲಿ ‘ಅಂತ’ ಎಂದಾಗುವದು. ಆ ಕಡೆಯ ಮಾತನ್ನು ಬಳಸಿ ಗೊತ್ತಿಲ್ಲದವನು ಅದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡಾನು. ಸಂಬಂಧವಾಚಕ ಶಬ್ದಗಳದ್ದೂ ಇದೇ ಕಥೆ. ನಮ್ಮ ಜನರು ನಂಟರಲ್ಲದವರನ್ನೂ ಅಣ್ಣಾ, ಅಕ್ಕಾ, ಮಾವಾ, ಕಾಕಾ ಎಂದು ಕರೆಯುತ್ತಾರೆ. ‘ಅಣ್ಣಾವರ ಸಂಗಡ ಹೊಲಕ್ಕೆ ಹೋಗಿದ್ದೆ’ ಎಂದ ಸಾಕ್ಷಿಯ ಮಾತು ‘ನನ್ನ ಸಹೋದರನ ಸಂಗಡ’ ಎಂದು ಇಂಗ್ಲಿಷಿಗೆ ಇಳಿದರೆ, ಮುಂದೆ ಅಪೀಲಿನಲ್ಲಿ ಅವನು ಹತ್ತಿರದ ಸಂಬಂಧಿಯಾಗಿಬಿಡುತ್ತಾನೆ. ಸ್ವಹಿತವುಳ್ಳ ಸಾಕ್ಷಿಯೆಂದು ಅವನ ಮಾತನ್ನು ಅನುಮಾನದಿಂದ ತೂಗುತ್ತಾರೆ. ಉತ್ತರದ ಕೆಲವು ಕಡೆ ಮಠದ ಸ್ವಾಮಿಗಳನ್ನು ‘ಅಪ್ಪಾವರು’ ಎನ್ನುವದುಂಟು. ‘ಅಪ್ಪಾವರು ಹೇಳಿದರು’ ಎಂಬುದನ್ನು ‘ನನ್ನ ತಂದೆ ಹೇಳಿದನು’ ಎಂದು ಬರೆದರೆ ಕಥೆಯೇ ತಿರುಗುವದಿಲ್ಲವೆ? ಹೊತ್ತು, ದೂರ ಇವುಗಳ ಗತಿಯೂ ಹೀಗೆಯೇ. ರೈತನು ಗಡಿಯಾರ ನೋಡಿ ಬದುಕುವವನಲ್ಲ. ದನ ಮನೆಗೆ ಬರುವ ಹೊತ್ತು, ದೀಪ ಹಚ್ಚುವ ಹೊತ್ತು, ಕೋಳಿ ಕೂಗುವ ಹೊತ್ತು, ಇವು ಅವನ ಗಂಟೆಗಳು. ದೂರಕ್ಕೆ ಮಾರು, ಕೂಗಳತೆ, ಹರದಾರಿ. ‘ದೀಪ ಹಚ್ಚುವ ಹೊತ್ತಿಗೆ’ ಎಂಬ ಮಾತನ್ನು ‘ಸಾಯಂಕಾಲ ೬-೩೦ಕ್ಕೆ’ ಎಂದು ಬರೆದುಬಿಟ್ಟರೆ ಲೆಕ್ಕವು ಚೊಕ್ಕವಾಗಿ ಕಂಡೀತು. ಆದರೆ ಜೂನ್ ತಿಂಗಳಿನಲ್ಲಿ ಆ ಹೊತ್ತಿಗೆ ಇನ್ನೂ ಬೆಳಕಿರುವದು, ನವಂಬರದಲ್ಲಿ ಕತ್ತಲಾಗಿರುವದು. ಸಾಕ್ಷಿಯು ಆರೋಪಿಯ ಮುಖವನ್ನು ಗುರುತಿಸಲು ಸಾಧ್ಯವಿತ್ತೋ ಇಲ್ಲವೋ ಎಂಬ ಪ್ರಶ್ನೆಯೆಲ್ಲ ಆ ಒಂದು ತಾಸಿನ ಬೆಳಕಿನಲ್ಲಿದೆ. ಆದುದರಿಂದ ಒಳ್ಳೆಯ ವಕೀಲನು ಘಟನೆ ನಡೆದ ಸ್ಥಳಕ್ಕೆ ತಾನೇ ಹೋಗುತ್ತಾನೆ. ಸಾಧ್ಯವಾದರೆ ಅದೇ ಹೊತ್ತಿಗೆ ಹೋಗುತ್ತಾನೆ. ಸಾಕ್ಷಿಯು ನಿಂತಿದ್ದೆನೆಂದ ಜಾಗದಲ್ಲಿ ನಿಂತು ನೋಡುತ್ತಾನೆ. ನಕ್ಷೆಯಲ್ಲಿ ಕಾಣದ ಜಾಲಿಯ ಗಿಡವು ಅಲ್ಲಿ ಕಣ್ಣಿಗೆ ಅಡ್ಡ ಬರಬಹುದು.

ಪೊಲೀಸರ ಕನ್ನಡವೆಂಬ ಮತ್ತೊಂದು ಭಾಷೆಯೂ ನಮ್ಮಲ್ಲಿದೆ. ತನಿಖೆಯ ಕಾಲದಲ್ಲಿ ಬರೆದುಕೊಂಡ ಹೇಳಿಕೆಗಳನ್ನು ಬಿಚ್ಚಿ ನೋಡಿರಿ. ಕುರಿ ಕಾಯುವವನೂ, ಅಂಗಡಿಯ ಶೆಟ್ಟರೂ, ನೀರು ತರಲು ಹೋದ ಹೆಂಗಸೂ ಒಂದೇ ಉಸಿರಿನಲ್ಲಿ ‘ಆರೋಪಿತರು ಸಮಾನ ಉದ್ದೇಶದಿಂದ ಬಂದು, ಅವಾಚ್ಯ ಶಬ್ದಗಳಿಂದ ನಿಂದಿಸಿ, ಜೀವ ಬೆದರಿಕೆ ಹಾಕಿದರು’ ಎಂದು ನುಡಿದಿರುತ್ತಾರೆ! ಕುರುಬನ ಬಾಯಲ್ಲಿ ದಂಡಸಂಹಿತೆ ಯಾವಾಗ ನೆಲೆಸಿತು? ಆದರೆ ಇಲ್ಲಿ ವಕೀಲನು ನಗುತ್ತ ಕೂತರೆ ಸಾಲದು. ಆ ಹೇಳಿಕೆಗೂ ಸಾಕ್ಷಿಯು ಕೋರ್ಟಿನಲ್ಲಿ ತನ್ನ ಸ್ವಂತ ಮಾತಿನಲ್ಲಿ ಹೇಳಿದುದಕ್ಕೂ ನಡುವೆ ನಿಜವಾದ ವಿರೋಧವೆಲ್ಲಿದೆ, ಬರಿಯ ಬರಹಗಾರನ ಶೈಲಿಯೆಲ್ಲಿದೆ ಎಂಬದನ್ನು ಅವನು ಬೇರ್ಪಡಿಸಬೇಕು. ವಿರೋಧವಿದ್ದಲ್ಲಿ ಹೇಳಿಕೆಯ ಆ ಭಾಗವನ್ನೇ ಸಾಕ್ಷಿಯ ಗಮನಕ್ಕೆ ತಂದು, ಗುರುತು ಹಾಕಿಸಿ, ಮುಂದೆ ಅದನ್ನು ಬರೆದುಕೊಂಡ ಅಧಿಕಾರಿಯ ಬಾಯಿಂದ ಸಿದ್ಧಪಡಿಸಬೇಕು. ಈ ಮೂರು ಮೆಟ್ಟಿಲುಗಳಲ್ಲಿ ಒಂದನ್ನು ದಾಟಲು ಮರೆತರೂ ವಿರೋಧವು ಇದ್ದೂ ಇಲ್ಲದಂತೆ. ಎಷ್ಟೋ ಖಟ್ಲೆಗಳು ವಾದದಲ್ಲಿ ಸೋಲುವದಿಲ್ಲ, ಈ ಸಣ್ಣ ಮರೆವಿನಲ್ಲಿ ಸೋಲುತ್ತವೆ.

ಸಾಕ್ಷಿಯನ್ನು ಬರೆದುಕೊಳ್ಳುವ ಕ್ರಮದಲ್ಲಿಯೂ ಒಂದು ಮರ್ಮವಿದೆ. ಸೆಶನ್ಸ್ ಖಟ್ಲೆಗಳಲ್ಲಿ ಪ್ರಶ್ನೆ-ಉತ್ತರಗಳನ್ನು ಸಾಮಾನ್ಯವಾಗಿ ಹಾಗೆಯೇ ಬರೆಯದೆ ಕಥನದ ರೂಪದಲ್ಲಿ ಇಳಿಸುತ್ತಾರೆ. ಪ್ರಶ್ನೆಯು ಮಾಯವಾಗಿ ಉತ್ತರವು ಮಾತ್ರ ಉಳಿಯುತ್ತದೆ. ಸಾಕ್ಷಿಯು ಮೂರು ಸಲ ಕೇಳಿದ ಮೇಲೆ ತಡವರಿಸಿ ಒಪ್ಪಿಕೊಂಡದ್ದೂ, ತಾನಾಗಿ ಹೇಳಿದ್ದೂ ಕಾಗದದಲ್ಲಿ ಒಂದೇ ತೆರನಾಗಿ ಕಾಣುವವು. ಆದರೆ ಯಾವದಾದರೊಂದು ಭಾಗವನ್ನು ಪ್ರಶ್ನೆ-ಉತ್ತರ ರೂಪದಲ್ಲಿಯೇ ಬರೆದುಕೊಳ್ಳುವ ಅಧಿಕಾರವನ್ನು ಕಾಯದೆಯು ನ್ಯಾಯಾಧೀಶರಿಗೆ ಕೊಟ್ಟಿದೆ. ಯಾವ ಉತ್ತರಕ್ಕಾಗಿ ಈ ಬೇಡಿಕೆಯನ್ನು ಮುಂದಿಡಬೇಕು, ಯಾವದಕ್ಕೆ ಸುಮ್ಮನಿರಬೇಕು ಎಂಬ ವಿವೇಕವು ಹತ್ತಾರು ವರ್ಷಗಳ ಅಭ್ಯಾಸದಿಂದ ಬರುವಂಥದು. ಎಲ್ಲದಕ್ಕೂ ಎದ್ದು ನಿಲ್ಲುವವನ ಮಾತಿಗೆ ಬೆಲೆಯಿರುವದಿಲ್ಲ.

ಕರ್ನಾಟಕದ ಏಕೀಕರಣಕ್ಕೂ ಇದಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಬಹಳ ಸಂಬಂಧವಿದೆ. ೧೯೫೬ಕ್ಕೆ ಮೊದಲು ಧಾರವಾಡದವನ ಅಪೀಲು ಮುಂಬಯಿಗೆ, ಮಂಗಳೂರಿನವನದು ಮದರಾಸಿಗೆ, ಕಲಬುರ್ಗಿಯವನದು ಹೈದರಾಬಾದಿಗೆ ಹೋಗುತ್ತಿದ್ದಿತು. ನಿಜಾಮರ ಸೀಮೆಯಲ್ಲಿ ಕನ್ನಡ ರೈತನು ಕನ್ನಡದಲ್ಲಿ ನುಡಿದ ಮಾತು ಉರ್ದುವಾಗಿ ದಫ್ತರಕ್ಕೆ ಸೇರುತ್ತಿತ್ತು. ತನ್ನ ಮೇಲೆ ಬಂದ ತೀರ್ಪನ್ನು ಓದಿಸಿಕೊಳ್ಳಲು ಕೂಡ ಅವನು ಇನ್ನೊಬ್ಬನ ಕಾಲು ಹಿಡಿಯಬೇಕಾಗಿತ್ತು. ನಾಡನ್ನು ಒಂದುಗೂಡಿಸಲು ದುಡಿದವರಲ್ಲಿ ಕಾಯದೆ ಓದಿದವರು ಬಹುಮಂದಿ ಇದ್ದುದು ಆಕಸ್ಮಿಕವೆಂದು ನಮಗೆ ತೋರುವದಿಲ್ಲ. ಆಲೂರ ವೆಂಕಟರಾಯರು ಧಾರವಾಡದ ವಕೀಲರು. ನಿಜಲಿಂಗಪ್ಪನವರು ಚಿತ್ರದುರ್ಗದ ವಕೀಲರು. ಪರಭಾಷೆಯ ದಫ್ತರದಲ್ಲಿ ಕನ್ನಡಿಗನ ಮಾತು ಹೇಗೆ ಕಳೆದುಹೋಗುವದೆಂಬದು ವಕೀಲನಿಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತಿದ್ದೀತು?

೧೯೫೬ರ ನವಂಬರ ೧ರಂದು ನಾಡು ಒಂದಾಯಿತು. ೨೦೦೮ರಲ್ಲಿ ಧಾರವಾಡ, ಕಲಬುರ್ಗಿಗಳಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠಗಳು ತೆರೆದವು, ೨೦೧೩ರಲ್ಲಿ ಅವು ಖಾಯಮ್ಮಾದವು. ಆದರೆ ಐದು ಆಡಳಿತಗಳ ಕಾಲದ ಶಬ್ದಗಳು ನಮ್ಮ ಕೋರ್ಟುಗಳಲ್ಲಿ ಇನ್ನೂ ಬದುಕಿವೆ. ಹಳೆಯ ಮೈಸೂರಿನವನಿಗೆ ‘ಮಹಜರು’ ಆದದ್ದು ಮುಂಬಯಿ ಕರ್ನಾಟಕದವನಿಗೆ ‘ಪಂಚನಾಮೆ’. ಅತ್ತ ‘ಪಹಣಿ’, ಇತ್ತ ‘ಉತಾರ’. ಅಲ್ಲಿಯ ಹಳೆಯ ಕಾಗದಗಳಲ್ಲಿ ಶಾನುಭೋಗ, ಇಲ್ಲಿಯವುಗಳಲ್ಲಿ ಕುಲಕರ್ಣಿ. ಭೂಮಿಯ ದಾವೆಗಳಲ್ಲಿ ನೂರು ವರ್ಷದ ಹಿಂದಿನ ಕಾಗದವನ್ನು ಓದಬೇಕಾದ ವಕೀಲನು ಇವೆಲ್ಲವನ್ನೂ ಬಲ್ಲವನಾಗಿರಬೇಕು. ಇದು ಕನ್ನಡದ ಬಡತನವಲ್ಲ, ಸಿರಿ. ಆದರೆ ಸಿರಿಯ ಕೀಲಿಕೈ ಯಾರಲ್ಲಿ ಇದೆಯೋ ಅವನಿಗೆ ಮಾತ್ರ ಸಿರಿ. ಬೆಂಗಳೂರಿನಲ್ಲಿ ಹುಟ್ಟಿ ಇಂಗ್ಲಿಷು ಶಾಲೆಯಲ್ಲಿ ಓದಿ ಬಂದ ಬುದ್ಧಿವಂತ ತರುಣನು ಯಾದಗಿರಿಯ ಸಾಕ್ಷಿಗೆ ಪಾಟೀಸವಾಲು ಹಾಕಲು ನಿಂತು, ಅವನ ಮಾತನ್ನು ಅರ್ಧ ಊಹಿಸಿ ಅರ್ಧ ಬಿಡುವದಾದರೆ, ಅವನ ಪದವಿಗಳಿಂದ ಕಕ್ಷಿಗಾರನಿಗೆ ಏನು ಬಂದಂತಾಯಿತು?

ಕಾಯದೆಯ ಗ್ರಂಥಗಳೆಲ್ಲ ಇಂಗ್ಲಿಷಿನಲ್ಲಿವೆ, ತೀರ್ಪುಗಳು ಇಂಗ್ಲಿಷಿನಲ್ಲಿವೆ, ಸಂವಿಧಾನದ ೩೪೮ನೆಯ ಅನುಚ್ಛೇದದ ಪ್ರಕಾರ ಉಚ್ಚ ನ್ಯಾಯಾಲಯದ ವ್ಯವಹಾರವೂ ಇಂಗ್ಲಿಷಿನಲ್ಲಿದೆ. ಹೀಗಿರಲು ಇಂಗ್ಲಿಷಿನಲ್ಲಿ ಗಟ್ಟಿಗನಾಗದೆ ವಕೀಲನು ಮೇಲೇರುವದೆಂತು ಎಂದು ಕೆಲವರು ಆಕ್ಷೇಪಿಸುತ್ತಾರೆ. ಇಂಗ್ಲಿಷು ಬೇಡವೆಂದು ನಾವು ಎಲ್ಲಿಯೂ ಹೇಳಿಲ್ಲ. ಕಾಯದೆಯನ್ನು ಓದಲು ಇಂಗ್ಲಿಷು ಬೇಕು, ಚೆನ್ನಾಗಿಯೇ ಬೇಕು. ಆದರೆ ನಮ್ಮ ಜಿಲ್ಲೆ ತಾಲೂಕುಗಳ ಕೋರ್ಟುಗಳಿಗೆ ಕನ್ನಡವೇ ನ್ಯಾಯಾಲಯದ ಭಾಷೆಯೆಂದು ಸರಕಾರವು ಗೊತ್ತುಪಡಿಸಿದೆ. ಸಾಕ್ಷಿಯು ಕೋರ್ಟಿನ ಭಾಷೆಯಲ್ಲಿ ಹೇಳಿದರೆ ಅದೇ ಭಾಷೆಯಲ್ಲಿ ಬರೆದುಕೊಳ್ಳಬೇಕೆಂದು ಫೌಜದಾರಿ ಕಾಯದೆಯು ಸ್ಪಷ್ಟವಾಗಿ ವಿಧಿಸಿದೆ. ೧೯೭೩ರ ಸಂಹಿತೆಯಲ್ಲಿಯೂ ಅದು ಇತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಇದೆ. ಇದ್ದ ಹಕ್ಕನ್ನು ಕೇಳದವರು ನಾವೇ. ಕನ್ನಡದಲ್ಲಿ ಅರ್ಜಿ ಬರೆದರೆ ತೂಕ ಕಡಿಮೆಯೆಂದು ಬಗೆಯುವ ವಕೀಲರನ್ನು ಕಂಡು ನಮಗೆ ಖೇದವೆನಿಸುವದು.

ನಡತೆಯ ವಿಷಯವಾಗಿ ಒಂದೆರಡು ಮಾತು. ವಕೀಲನು ನ್ಯಾಯಾಧೀಶರಿಗೆ ಸುಳ್ಳು ಹೇಳಕೂಡದೆಂಬದು ಎಲ್ಲರೂ ಬಾಯಲ್ಲಿ ಒಪ್ಪುವ ಮಾತು. ಗಾಂಧೀಜಿಯವರು ಒಮ್ಮೆ ಇದಕ್ಕಿಂತ ಮುಂದೆ ಹೋದರು. ತಮ್ಮ ಕಕ್ಷಿಗಾರನಿಗೆ ಅನುಕೂಲವಾಗಿ ಬಂದ ಪಂಚರ ತೀರ್ಪಿನ ಲೆಕ್ಕದಲ್ಲಿ ಒಂದು ತಪ್ಪಿದ್ದಿತು. ಎದುರಿನವರಿಗೆ ಅದು ಗೊತ್ತಿರಲಿಲ್ಲ. ಗಾಂಧಿಯವರು ಅದನ್ನು ಒಪ್ಪಿಕೊಳ್ಳಲೇಬೇಕೆಂದರು. ಹಿರಿಯ ವಕೀಲರು, ಹಾಗಾದರೆ ತಾವು ವಾದಿಸುವದಿಲ್ಲವೆಂದು ಹಿಂದೆ ಸರಿದರು. ಗಾಂಧಿಯವರೇ ನಿಂತರು. ಮೊದಲು ನ್ಯಾಯಾಧೀಶರಿಗೆ ಇದು ಏನೋ ಕುಯುಕ್ತಿಯೆಂಬ ಸಂಶಯ ಬಂದರೂ ಕೊನೆಗೆ, ತಪ್ಪೊಂದನ್ನು ತಿದ್ದಿ, ತೀರ್ಪನ್ನು ಎತ್ತಿ ಹಿಡಿದರು. ಪ್ರಾಮಾಣಿಕತೆಯು ಯಾವಾಗಲೂ ಗೆಲ್ಲುವದೆಂದು ನಾವು ಹೇಳಲಾರೆವು, ಅದು ಪುರಾಣದ ಮಾತಾದೀತು. ಆದರೆ ಯಾವ ವಕೀಲನ ಒಂದು ಮಾತನ್ನು ನ್ಯಾಯಾಧೀಶರು ಕಡತ ತಿರುವದೆ ನಂಬುವರೋ ಅವನ ಕಕ್ಷಿಗಾರನಿಗೆ ಅರ್ಧ ಭಾರವು ಮೊದಲೇ ಇಳಿದಿರುತ್ತದೆ. ಸಾಕ್ಷಿಯನ್ನು ಅವಮಾನಿಸುವ, ಹೀಯಾಳಿಸುವ ಪ್ರಶ್ನೆಗಳನ್ನು ತಡೆಯಲು ನ್ಯಾಯಾಲಯಕ್ಕೆ ಕಾಯದೆಯು ಅಧಿಕಾರ ಕೊಟ್ಟಿದೆ. ಅತ್ಯಾಚಾರದ ಖಟ್ಲೆಯಲ್ಲಿ ನೊಂದ ಹೆಣ್ಣಿನ ಹಿಂದಿನ ನಡತೆಯನ್ನು ಕೆದಕುವದನ್ನಂತೂ ಕಾಯದೆಯೇ ನಿಷೇಧಿಸಿದೆ. ಒಳ್ಳೆಯ ವಕೀಲನಿಗೆ ಈ ಕಟ್ಟುಗಳ ಅವಶ್ಯಕತೆಯೇ ಬೀಳುವದಿಲ್ಲ. ಹೆದರಿದ ಸಾಕ್ಷಿಯ ಬಾಯಿ ಮುಚ್ಚುವದು, ಮುಚ್ಚಿದ ಬಾಯಿಂದ ಅವನ ಪಕ್ಷಕ್ಕೂ ಏನೂ ಹೊರಡುವದಿಲ್ಲ.

ಮುದ್ದತು ಬೇಡುವ ಚಟವು ನಮ್ಮ ವಕೀಲವರ್ಗಕ್ಕೆ ಅಂಟಿದ ಹಳೆಯ ರೋಗ. ಸಾಕ್ಷಿಗಳ ವಿಚಾರಣೆಯು ಆರಂಭವಾದ ಮೇಲೆ ದಿನದಿನವೂ ನಡೆಯಬೇಕು, ವಕೀಲನಿಗೆ ಬೇರೆ ಕೋರ್ಟಿನಲ್ಲಿ ಕೆಲಸವಿದೆಯೆಂಬದು ಮುದ್ದತಿಗೆ ಕಾರಣವಾಗಕೂಡದು ಎಂದು ಕಾಯದೆಯಲ್ಲಿ ಬರೆದಿಟ್ಟಿದ್ದಾರೆ. ಬರೆದಿಟ್ಟದ್ದು ಬರೆದಿಟ್ಟಲ್ಲಿಯೇ ಇದೆ. ಒಂದು ದಿನದ ಕೂಲಿಯನ್ನು ಕಳೆದುಕೊಂಡು, ಬಸ್ಸಿನ ಖರ್ಚು ಮಾಡಿಕೊಂಡು ಬಂದ ಸಾಕ್ಷಿಯನ್ನು ನಾಲ್ಕು ಸಲ ಬರಿಗೈಯಲ್ಲಿ ತಿರುಗಿಸಿದರೆ ಐದನೆಯ ಸಲ ಅವನಿಗೆ ನೆನಪೂ ಉಳಿದಿರುವದಿಲ್ಲ, ಸತ್ಯದ ಮೇಲಿನ ಶ್ರದ್ಧೆಯೂ ಉಳಿದಿರುವದಿಲ್ಲ.

ದೊಡ್ಡ ಫೀಸಿನ ಖಟ್ಲೆಗಳಿಗೆ ದೊಡ್ಡ ವಕೀಲರು ಸಿಕ್ಕೇ ಸಿಗುತ್ತಾರೆ. ನಮ್ಮ ಚಿಂತೆಯು ಬಡವನದು. ವಕೀಲನನ್ನು ನೇಮಿಸಿಕೊಳ್ಳಲಾರದ ಆರೋಪಿಗೆ ಸೆಶನ್ಸ್ ಕೋರ್ಟಿನಲ್ಲಿ ಸರಕಾರದ ಖರ್ಚಿನಿಂದ ವಕೀಲನನ್ನು ಕೊಡಬೇಕು. ೧೯೮೭ರ ಕಾಯದೆಯಂತೆ ಜಿಲ್ಲೆ ತಾಲೂಕುಗಳಲ್ಲಿ ಕಾನೂನು ಸೇವೆಯ ಸಂಸ್ಥೆಗಳೂ ಇವೆ. ಆದರೆ ಹಾಗೆ ಕೊಟ್ಟ ವಕೀಲನು ಆರೋಪಿಯನ್ನು ಸೆರೆಮನೆಗೆ ಹೋಗಿ ಕಂಡು, ಅವನ ಮಾತಿನಲ್ಲಿಯೇ ಅವನ ಕಥೆಯನ್ನು ಒಂದು ಸಲವಾದರೂ ಪೂರ್ತಿ ಕೇಳಿರುತ್ತಾನೆಯೆ? ಕೇಳುವವರಿದ್ದಾರೆ, ನಾವು ಅಂಥವರಿಗೆ ಕೈ ಮುಗಿಯುತ್ತೇವೆ. ಕೇಳದವರೂ ಇದ್ದಾರೆ. ನಮ್ಮ ಕಾಯದೆಯ ಕಾಲೇಜುಗಳು ವಿದ್ಯಾರ್ಥಿಗಳಿಂದ ಕಲ್ಪಿತ ಕೋರ್ಟುಗಳನ್ನು ನಡೆಸುತ್ತವೆ. ಅಲ್ಲಿ ಬಹುಮಟ್ಟಿಗೆ ಅಪೀಲಿನ ವಾದವೇ ನಡೆಯುವದು, ಅದೂ ಇಂಗ್ಲಿಷಿನಲ್ಲಿ. ವರ್ಷಕ್ಕೆ ನಾಲ್ಕು ದಿನವಾದರೂ ಒಬ್ಬ ರೈತನನ್ನೋ ಒಬ್ಬ ಬೀಡಿ ಕಟ್ಟುವ ಹೆಂಗಸನ್ನೋ ಗೌರವದಿಂದ ಕರೆತಂದು, ಸಾಕ್ಷಿಯ ಸ್ಥಾನದಲ್ಲಿ ಕುಳ್ಳಿರಿಸಿ, ವಿದ್ಯಾರ್ಥಿಗಳಿಂದ ಕನ್ನಡದಲ್ಲಿ ಪ್ರಶ್ನೆ ಹಾಕಿಸಿ, ಬಂದ ಉತ್ತರವನ್ನು ಬರೆಯಿಸಿ, ಬರೆದುದನ್ನು ಅವರಿಗೇ ಓದಿ ಹೇಳಿ, ‘ನೀವು ಅಂದದ್ದು ಇದೇಯೇನು?’ ಎಂದು ಕೇಳಿದರೆ ವಿದ್ಯಾರ್ಥಿಗಳಿಗೆ ಬಹಳ ತಿಳಿದೀತು.

ಈ ಓದಿ ಹೇಳುವ ಕ್ರಮವು ನಮ್ಮ ಕಲ್ಪನೆಯಲ್ಲ, ಕಾಯದೆಯದೇ. ಸಾಕ್ಷಿಯು ಮುಗಿದ ಮೇಲೆ ಬರೆದುಕೊಂಡದ್ದನ್ನು ಆರೋಪಿಯ ಅಥವಾ ಅವನ ವಕೀಲನ ಎದುರಿಗೆ ಸಾಕ್ಷಿಗೆ ಓದಿ ಹೇಳಬೇಕು, ಅವಶ್ಯವಿದ್ದರೆ ತಿದ್ದಬೇಕು. ಬೇರೆ ಭಾಷೆಯಲ್ಲಿ ಬರೆದಿದ್ದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ಅರ್ಥ ಹೇಳಬೇಕು. ಸಾಯಂಕಾಲ ಐದು ಹೊಡೆದಿರುತ್ತದೆ. ಬೆಂಚಿನ ಗುಮಾಸ್ತರಿಗೆ ಮನೆಯ ನೆನಪು, ಸಾಕ್ಷಿಗೆ ಕೊನೆಯ ಬಸ್ಸಿನ ನೆನಪು. ‘ಸಹಿ ಮಾಡಪ್ಪಾ, ಸಾಕು’ ಎಂಬ ಮಾತು ಹೊರಡುತ್ತದೆ. ಆಗ ಕಡತವನ್ನು ಕಟ್ಟಿ ಹೊರಡದೆ, ‘ಓದಿ ಹೇಳಿರಿ, ನಾನು ಕಾಯುತ್ತೇನೆ’ ಎಂದು ಮೇಜಿನ ಬಳಿ ನಿಂತುಕೊಂಡಿರುವ ವಕೀಲನನ್ನು ಯಾರಾದರೂ ಕಂಡರೆ, ತಮ್ಮ ಖಟ್ಲೆಯನ್ನು ಅವರಿಗೆ ಕೊಡಲಿ.